ಯಜಮಾನರ ತೋರುಬೆರಳು

“ಒಂದೇ ಒಂದು ಮೇಣದಬತ್ತಿ ಕೊಡಿ ಸಾಕು, ನಿಮ್ಮನೇದನ್ನ ತಲೆಗೇ ಹಾಕ್ತೀನಿ.”

ಡ್ರಾಯಿಂಗ್ ಮೇಷ್ಟ್ರು ತೀರ್ಥಪ್ಪ ಈ ಮಾತನ್ನು ಒಂದು ಮನೆಯ ಬಾಗಿಲಲ್ಲಿ ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅಜ್ಜಂಪುರದ ಅಷ್ಟೂ ಮನೆಗಳ ಬಾಗಿಲಲ್ಲಿ ಹೇಳಿದ. ಸುಳ್ಳು ಹೇಳಬೇಕೆಂದಲ್ಲ. ಕೊಡುವವರು ಬತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು, “ನಮ್ದನ್ನ ಎಲ್ಲಿಗೆ ಹಾಕ್ತೀರಾ ಮೇಷ್ಟ್ರೇ?” ಎಂದು ಮುಖ ನೋಡಿದಾಗ, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕರಗಿಸುತ್ತೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಎದುರಿಗಿದ್ದವರ ಮನಸ್ಸು ನೋಯುವಂಥ ಮಾತು ಅವನ ನಾಲಿಗೆಯ ಮೇಲೆ ಹುಟ್ಟುತ್ತಲೇ ಇರಲಿಲ್ಲ. ‘ಇಲ್ಲ’ ಎಂಬ ಎರಡಕ್ಷರ ಅವನ ಬಾಯಿಂದ ಹೊರಬಿದ್ದದ್ದನ್ನು ಊರಿನಲ್ಲಿ ಕೇಳಿದವರಿಲ್ಲ. ಈರುಳ್ಳಿ ಮಂಡಿಯ ಬೋರ್ಡು ಬರೆದುಕೊಡು ಎಂದರೆ ಹೂಂ, ಎತ್ತಿನ ಕೊಂಬಿಗೆ ಬಣ್ಣ ಹೊಡೆದುಕೊಡು ಎಂದರೆ ಹೂಂ. ಹೈಸ್ಕೂಲು ಕಮಿಟಿಯ ಅಧ್ಯಕ್ಷರು ಬಸವರಾಜಪ್ಪನವರು, “ಮೇಷ್ಟ್ರೇ, ನಮ್ಮ ತಂದೆಯವರದೊಂದು ವಿಗ್ರಹ ಆಗ್ಬೇಕಲ್ಲ, ನಿಮ್ಮ ಕೈಲಾಗುತ್ತಾ?” ಎಂದಾಗಲೂ ಅವನು ಹೂಂ ಎಂದದ್ದು ಹೀಗೆಯೇ.

ತಂದೆಯವರೆಂದರೆ ಹೈಸ್ಕೂಲು ಕಟ್ಟಿಸಿದ ಗುರುಸಿದ್ದಪ್ಪನವರು. ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷವಾದರೂ ಊರಿಗೆ ಅವರು ದೊಡ್ಡ ಯಜಮಾನರೇ. ತೀರ್ಥಪ್ಪ ಮೇಣದಲ್ಲಿ ವಿಗ್ರಹ ಮಾಡುವುದು, ತರೀಕೆರೆಯ ಎರಕದ ಈರಣ್ಣಾಚಾರಿ ಅದನ್ನು ಒಯ್ದು ಪಂಚಲೋಹದಲ್ಲಿ ಎರೆದು ಕೊಡುವುದು ಎಂದು ಮಾತಾಗಿತ್ತು. ಮೇಣಕ್ಕೆ ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆ ಬಂದಾಗ ತೀರ್ಥಪ್ಪ, “ಮನೆಗೊಂದು ಬತ್ತಿ ಎತ್ತಿದ್ರೆ ಊರೆಲ್ಲ ಸೇರಿ ಮಾಡ್ದಂಗೆ ಆಗುತ್ತೆ” ಎಂದುಬಿಟ್ಟ. ಕೈ ಬಿಗಿಯ ಬಸವರಾಜಪ್ಪನವರಿಗೆ ಕಣ್ಣಲ್ಲಿ ನೀರೇ ಬಂತು. “ನಮ್ಮಪ್ಪನೇ ನಿಮ್ಮ ಬಾಯಲ್ಲಿ ಬಂದು ಹೇಳಿದಂಗಾಯ್ತು ಕಣ್ರೀ” ಎಂದರು. “ಹೋಗಿ, ನೀವೇ ಎತ್ಕೊಂಡು ಬನ್ನಿ.”

ಆ ತಿಂಗಳು ಸೊಸೈಟಿಗೆ ಸೀಮೆಎಣ್ಣೆ ಬಂದಿರಲಿಲ್ಲ. ಕರೆಂಟಿನದು ಎಂದಿನ ಪಾಡು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಅಂಥದ್ದರಲ್ಲೂ ಜನ ಇದ್ದಬದ್ದ ಬತ್ತಿಯನ್ನು ಎತ್ತಿ ಕೊಟ್ಟರು. ದೊಡ್ಡ ಯಜಮಾನರ ಮೇಲೆ ಊರಿಗೆ ಅಷ್ಟು ಪ್ರೀತಿ. ಅಂಗಡಿಯವರು ಮಾರಲು ಇಟ್ಟದ್ದನ್ನೂ ಕೊಟ್ಟರು. ಅಜ್ಜಂಪುರದಲ್ಲಿ ಹುಡುಕಿದರೂ ಒಂದು ಮೇಣದಬತ್ತಿ ಸಿಗದ ಹಾಗಾಯಿತು.

ತೀರ್ಥಪ್ಪನ ಕಷ್ಟ ಬೇರೆಯೇ ಇತ್ತು. ಅವನು ಹಂಗಾಮಿ ಮೇಷ್ಟ್ರು. ಸೇರಿದಾಗಲೂ ಹಂಗಾಮಿ, ಈಗಲೂ ಹಂಗಾಮಿ. ಕಡೂರಿನ ತೆಂಗಿನಕಾಯಿ ಮಂಡಿಯ ಮಲ್ಲಿಕಾರ್ಜುನಪ್ಪನವರು ಮಗಳು ಮಲ್ಲಿಕಾಂಬಳನ್ನು ಕೊಡಲು ಒಪ್ಪಿದ್ದರು, ಆದರೆ ಕೆಲಸ ಖಾಯಂ ಆಗಲಿ ಎಂದಿದ್ದರು. ಹೆಣ್ಣು ನೋಡಲು ಹೋದಾಗ ಅವಳು ಅವಲಕ್ಕಿ ತಟ್ಟೆ ಇಡುತ್ತಾ, ಇವನ ಉಗುರಿಗೆ ಮೆತ್ತಿದ್ದ ಹಸಿರು ಬಣ್ಣ ನೋಡಿ ನಕ್ಕಿದ್ದಳು. ಆ ನಗು ನೆನೆಸಿಕೊಂಡೇ ತೀರ್ಥಪ್ಪ ದಿನ ದೂಡುತ್ತಿದ್ದ. ಬಸವರಾಜಪ್ಪನವರು, “ವಿಗ್ರಹ ಖಾಯಮ್ಮಾಗಿ ನಿಂತ ದಿನ ನೀವೂ ಖಾಯಂ” ಎಂದ ಮೇಲಂತೂ ಅವನಿಗೆ ಮೇಣದಲ್ಲಿಯೂ ಮಲ್ಲಿಕಾಂಬಳೇ ಕಾಣುತ್ತಿದ್ದಳು.

ಅಂತೂ ಆ ದಿನ ಬಂತು. ಸಂಜೆ ಈರಣ್ಣಾಚಾರಿ ಬಂದು ವಿಗ್ರಹ ನೋಡಿ ಒಪ್ಪುವುದು, ಅಧ್ಯಕ್ಷರು ಅಲ್ಲೇ ಖಾಯಂ ಆರ್ಡರಿಗೆ ಸಹಿ ಹಾಕುವುದು, ಮಲ್ಲಿಕಾರ್ಜುನಪ್ಪನವರು ಕಣ್ಣಾರೆ ನೋಡಲು ರೈಲಿನಲ್ಲಿ ಬರುವುದು ಎಂದು ಎಲ್ಲ ನಿಗದಿಯಾಗಿತ್ತು. ತೀರ್ಥಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಸ್ಕೂಲಿನ ಹಾಲಿಗೆ ಬಂದ. ಮೇಜಿನ ಮೇಲೆ ದೊಡ್ಡ ಯಜಮಾನರು ಕೂತಿದ್ದರು. ತಲೆಗೆ ಪೇಟ, ಮುಂದಕ್ಕೆ ತುಸು ಬಾಗಿದ ಹೆಗಲು, ‘ಓದ್ರೋ, ಉದ್ಧಾರ ಆಗ್ರೋ’ ಎಂದು ಹುಡುಗರನ್ನು ಗದರುವಂತೆ ಮೇಲೆತ್ತಿದ ಬಲಗೈಯ ತೋರುಬೆರಳು. ಮೈಯೆಲ್ಲ ಜೇಡಿಮಣ್ಣಿನ ಮೇಲೆ ಮೇಣ ಮೆತ್ತಿದ್ದು. ಬೆರಳುಗಳಿಗೆ ಮಾತ್ರ ಕರಗಿಸುವ ಗೋಜಿಗೆ ಹೋಗದೆ ಸಣ್ಣ ಬತ್ತಿಗಳನ್ನೇ ಬಿಸಿನೀರಲ್ಲಿ ಅದ್ದಿ ಬಗ್ಗಿಸಿ ಕೂರಿಸಿದ್ದ. ಆ ತೋರುಬೆರಳು ಅವನ ಸ್ವಂತ ಕೋಣೆಯಲ್ಲಿದ್ದ ಒಂದೇ ಒಂದು ಬತ್ತಿ. ಉಗುರಿನ ಜಾಗದಲ್ಲಿ ಇಣುಕುತ್ತಿದ್ದ ದಾರವನ್ನು ಮೇಣದಿಂದ ಮುಚ್ಚಿ, ಇನ್ನೇನು ಮುಗಿಯಿತು ಎಂದುಕೊಂಡ.

ಅಷ್ಟರಲ್ಲಿ ಇಡ್ಲಿ ಹೋಟೆಲಿನ ಕಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಒಂದಷ್ಟು ಜನ.

“ಮೇಷ್ಟ್ರೇ, ನಮ್ಮನೆ ಬತ್ತಿ ಎಲ್ಲೈತೆ?”

“ತಲೇಲಿದೆ ಕಾಂತಮ್ಮ.”

“ದೊಡ್ಡಬೀರಪ್ಪಂದು?”

ದೊಡ್ಡಬೀರಪ್ಪ ಯಜಮಾನರ ಗಾಡಿ ಹೊಡೆಯುತ್ತಿದ್ದ ಮುದುಕ. ಮೇಣದಬತ್ತಿ ಇಲ್ಲದ್ದಕ್ಕೆ ಎಮ್ಮೆದೊಡ್ಡಿ ಕಾವಲಿನಿಂದ ಕಪ್ಪನೆಯ ಜೇನುಮೇಣ ತಂದುಕೊಟ್ಟಿದ್ದ. ಈಗ ಅವಳ ಪಕ್ಕದಲ್ಲೇ ನಿಂತಿದ್ದ.

“ಅದೂ... ತಲೇಲೇ.”

“ಮಂಡಿ ಲಕ್ಕಣ್ಣಂದು?”

ತೀರ್ಥಪ್ಪ ಸುಮ್ಮನೆ ತಲೆ ತೋರಿಸಿದ. ತನ್ನದೋ ಯಜಮಾನರದೋ ಅವನಿಗೇ ಗೊತ್ತಾಗಲಿಲ್ಲ.

“ಊರ ಮೇಣವೆಲ್ಲ ತಲೇಲೇ ಐತೆ ಅಂದ್ರೆ ತಲೆ ಯಾಕ್ರೀ ಬೇಲದ ಹಣ್ಣಿನಷ್ಟೇ ಐತೆ?” ಕಾಂತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಮಿಕ್ಕಿದ್ ಮೇಣ ಎಲ್ಲೋಯ್ತು? ರಾತ್ರಿ ಹೊತ್ತು ನಾವು ಕತ್ಲಲ್ಲಿ ತಡಕಾಡಿ ಇಡ್ಲಿ ಹಿಟ್ಟು ರುಬ್ತಾ ಇದ್ದೀವಿ!”

ಕಳ್ಳತನದ ಮಾತು ಕಿವಿಗೆ ಬಿದ್ದದ್ದೇ ತೀರ್ಥಪ್ಪ ಚಾಕು ಎತ್ತಿಕೊಂಡ. ಹೊಟ್ಟೆಯಿಂದ ಒಂದಿಷ್ಟು, ಬೆನ್ನಿನಿಂದ ಒಂದಿಷ್ಟು ಮೇಣ ಕೆತ್ತಿ ತಲೆಗೆ ಮೆತ್ತಿದ. ಸಾಲದು ಎಂದರು. ಇನ್ನಷ್ಟು ಮೆತ್ತಿದ. ನೋಡನೋಡುತ್ತಾ ಯಜಮಾನರ ತಲೆ ಹಿಟ್ಟಿನ ಗಡಿಗೆಯಾಯಿತು. ಎಲ್ಲರಿಗೂ ಸಮಾಧಾನವಾಯಿತು, ದೊಡ್ಡಬೀರಪ್ಪನೊಬ್ಬನನ್ನು ಬಿಟ್ಟು.

“ನನ್ ಮೇಣ ಕರ್ರಗಿತ್ತು. ಇಲ್ಲೆಲ್ಲ ಬೆಳ್ಳಗೈತೆ. ಯಜಮಾನ್ರಿಗೆ ಮೀಸೆ ಇತ್ತಲ್ಲ ಬುದ್ಧಿ, ಅದಕ್ಕೆ ಹಾಕ್ಬಿಡಿ.”

“ಯಾರಿಗೋ ಮೀಸೆ?” ಎನ್ನುತ್ತಾ ಒಳಗೆ ಬಂದವರು ವಿಶಾಲಾಕ್ಷಮ್ಮ, ಯಜಮಾನರ ಸ್ವಂತ ತಂಗಿ. “ನಮ್ಮಣ್ಣ ಒಂದಿನಾನೂ ಮೀಸೆ ಬಿಟ್ಟೋನಲ್ಲ.”

“ಬಿಟ್ಟಿದ್ರು ಅವ್ವಾರೇ. ಹಿರೇನಲ್ಲೂರಿಗೆ ಗಾಡೀಲಿ ಹೋಗೋವಾಗೆಲ್ಲ ತಿರುವ್ತಾ ಕೂತಿರೋರು.”

“ಹಂಗಾದ್ರೆ ಮನೆಗೆ ಬರೋವಾಗ ಬಿಚ್ಚಿ ಗಾಡೀಲೇ ಇಟ್ಟು ಬರ್ತಿದ್ನೇನೋ?”

ಸಾಕ್ಷಿಗೆ ಫೋಟೋ ನೋಡೋಣವೆಂದರೆ ಒಂದೂ ಇರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಯಜಮಾನರು ಕ್ಯಾಮೆರಾದ ಕಡೆ ಬೆನ್ನು ತಿರುಗಿಸಿಯೇ ಬದುಕಿದವರು. ಮುದುಕ ಕಣ್ಣೊರೆಸಿಕೊಂಡ. ವಿಶಾಲಾಕ್ಷಮ್ಮನ ದನಿ ಏರಿತು. ತೀರ್ಥಪ್ಪನಿಗೆ ಇಬ್ಬರನ್ನೂ ನೋಯಿಸಲಾಗಲಿಲ್ಲ. ವಿಶಾಲಾಕ್ಷಮ್ಮ ಎಡಗಡೆ ಕೂತಿದ್ದರು, ಮುದುಕ ಬಲಗಡೆ ನಿಂತಿದ್ದ. ಅವನು ವಿಗ್ರಹದ ಅಡಿಗೆ ಮೆತ್ತಿದ್ದ ಕಪ್ಪು ಮೇಣ ಕೆತ್ತಿ ಬಲಗಡೆಗೆ ಅರ್ಧ ಮೀಸೆ ಅಂಟಿಸಿದ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ನೋಡಿ, “ಈಗ ಸರಿಯಾಯ್ತು” ಎಂದರು.

ಊಟದ ಹೊತ್ತಿಗೆ ಸ್ಕೂಲಿನ ಹಾಲ್ ಖಾಲಿಯಾದೀತು ಎಂದುಕೊಂಡರೆ ಜನ ಇನ್ನೂ ಹೆಚ್ಚಾದರು. ನಮ್ಮ ಬತ್ತಿ ಪೇಟದಲ್ಲಿದೆ, ನಿಮ್ಮದು ಬರೀ ಕಿವಿಯಲ್ಲಿ ಎಂದು ಹೆಂಗಸರಲ್ಲಿ ಮಾತು ಬೆಳೆಯಿತು. ವಿಶಾಲಾಕ್ಷಮ್ಮ ತಲೆ ಚಿಟ್ಟುಹಿಡಿದು ಬೈದರು:

“ತಲೆ ತಲೆ ಅಂತ ಬಡ್ಕೋತೀರಲ್ಲ, ಮಠಕ್ಕೆ ಹೋದಾಗ ಗುರುಗಳಿಗೆ ತಲೆಪೂಜೆ ಮಾಡ್ತೀರೋ, ಪಾದಪೂಜೆ ಮಾಡ್ತೀರೋ?”

ಅವರು ಜಗಳ ನಿಲ್ಲಿಸಲು ಆಡಿದ ಮಾತು ಅದು. ಆದರೆ ಜನ ಅದನ್ನು ತಿರುಗಿಸಿ ಮುರುಗಿಸಿ ಯೋಚಿಸಿದರು. ಹೂವು ಬೀಳುವುದು ಎಲ್ಲಿಗೆ? ಪಾದಕ್ಕೆ. ಹುಡುಗರು ಪರೀಕ್ಷೆಗೆ ಹೋಗುವಾಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಏನನ್ನು? ಪಾದವನ್ನು. ತಲೆಯ ಮೇಲೆ ಕೂರುವುದು ಕಾಗೆ ಒಂದೇ.

“ಮೇಷ್ಟ್ರೇ,” ಕಾಂತಮ್ಮನ ದನಿ ಈಗ ಜೇನಿನಂತಿತ್ತು. “ನಮ್ದನ್ನ ತಲೆಯಿಂದ ತೆಗ್ದು ಪಾದಕ್ಕೆ ಹಾಕ್ಬಿಡಿ. ನಾವು ಬಡವ್ರು, ತಲೇಲೆಲ್ಲ ಕೂರೋರಲ್ಲ.”

ಅವಳ ಹಿಂದೆ ಊರಿಗೆ ಊರೇ ಬಡವಾಯಿತು. ತೀರ್ಥಪ್ಪ ಬೆವರು ಒರೆಸಿಕೊಳ್ಳುತ್ತಾ ತಲೆಯಿಂದ ಕೆತ್ತಿ ಕಾಲಿಗೆ ಮೆತ್ತಿದ. ಸೆಕೆಗೆ ಮೇಣ ಮೆತ್ತಗಾಗಿತ್ತು. ಜನ ಕಾಯಲಿಲ್ಲ, ತಾವೇ ಕೈ ಹಾಕಿದರು. ಒಬ್ಬರು ಹಿಮ್ಮಡಿ ತಿದ್ದಿದರು, ಒಬ್ಬರು ಹೆಬ್ಬೆರಳಿಗೆ ತಮ್ಮ ಹೆಬ್ಬೆರಳು ಒತ್ತಿದರು. ತೀರ್ಥಪ್ಪ “ನಿಧಾನ, ನಿಧಾನ” ಎನ್ನುತ್ತಾ ಸುತ್ತಲೂ ಓಡಾಡಿದ. ಯಾರ ಕೈಯನ್ನೂ ಹಿಡಿದು ತೆಗೆಯಲಿಲ್ಲ. ತೋರುಬೆರಳಿನ ಕಡೆ ಮಾತ್ರ ಯಾರೂ ಹೋಗಲಿಲ್ಲ, ಅದನ್ನು ಕಂಡರೆ ಊರಿಗೆ ಈಗಲೂ ಒಂದಿಷ್ಟು ಭಯ.

ಮಧ್ಯಾಹ್ನದ ರೈಲಿಗೆ ಮಲ್ಲಿಕಾರ್ಜುನಪ್ಪನವರು ಬಂದಿಳಿದರು. ಜರಿ ಅಂಚಿನ ಶಲ್ಯ, ಕೈಯಲ್ಲೊಂದು ಚೀಲ. ಹಾಲಿಗೆ ಬಂದು ವಿಗ್ರಹದ ಮುಂದೆ ನಿಂತು ಬಹಳ ಹೊತ್ತು ನೋಡಿದರು.

“ಮೇಷ್ಟ್ರೇ, ಯಜಮಾನ್ರಿಗೆ ಆನೆಕಾಲು ರೋಗ ಇತ್ತಾ?”

“ಇ... ಇರ್ಬಹುದು” ಎಂದ ತೀರ್ಥಪ್ಪ. ಮಾವನಾಗುವವರಿಗೆ ಇಲ್ಲ ಎನ್ನುವುದು ಹೇಗೆ?

ಮಲ್ಲಿಕಾರ್ಜುನಪ್ಪನವರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. “ನಮ್ಮ ಹುಡುಗಿ ಏನೋ ಪೇಪರಲ್ಲಿ ಸುತ್ತಿ ಕೊಟ್ಟವಳೆ. ನಿಮ್ಮ ಕೈಗೇ ಕೊಡ್ಬೇಕಂತೆ.”

ತೀರ್ಥಪ್ಪನ ಕೈ ಅವನಿಗೆ ತಿಳಿಯದೆಯೇ ಮುಂದೆ ಹೋಯಿತು.

“ತಡೀರಿ, ತಡೀರಿ. ಮೊದ್ಲು ಆರ್ಡರ್ ನಿಮ್ಮ ಕೈಗೆ ಬರ್ಲಿ, ಆಮೇಲೆ ಇದು ಬರುತ್ತೆ. ವ್ಯವಹಾರ ವ್ಯವಹಾರವೇ.”

ಸಂಜೆಗೆ ಈರಣ್ಣಾಚಾರಿ ತರೀಕೆರೆ ಬಸ್ಸಿನಿಂದಿಳಿದು ಬಂದ. ಬಸವರಾಜಪ್ಪನವರೂ ಆರ್ಡರಿನ ಕಾಗದ ಜೇಬಿನಲ್ಲಿಟ್ಟುಕೊಂಡು ಬಂದರು. ಅಪ್ಪನ ಕಾಲು ನೋಡಿ ಒಂದು ಗಳಿಗೆ ಬೆಚ್ಚಿದರೂ, ಊರೆಲ್ಲ ಮೆಚ್ಚಿ ನಿಂತಿರುವಾಗ ತಾನೊಬ್ಬ ಏನು ಹೇಳುವುದೆಂದು ಸುಮ್ಮನಾದರು. ಆಚಾರಿ ವಿಗ್ರಹವನ್ನು ಸುತ್ತು ಹಾಕಿ, ಅರ್ಧ ಮೀಸೆಯ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡ. “ಕಾಲು ದಪ್ಪ ಇದ್ರೆ ಒಳ್ಳೇದೇ, ಬೀಳಲ್ಲ. ಎರಕಕ್ಕೆ ಆಗುತ್ತೆ.”

ತೀರ್ಥಪ್ಪನಿಗೆ ಹೋದ ಜೀವ ಬಂದಂತಾಯಿತು. ಬಸವರಾಜಪ್ಪನವರ ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಕಾಂತಮ್ಮ, “ಆಚಾರ್ರೇ, ನಮ್ ಮೇಣದ್ ಮೇಲೆ ಲೋಹ ಮೆತ್ತೀರೋ, ಒಳಗೆ ತುಂಬ್ತೀರೋ?” ಎಂದಳು.

ಆಚಾರಿ ನಕ್ಕ. “ಮೇಣ ಎಲ್ಲಿರುತ್ತಮ್ಮ? ಇದರ ಸುತ್ತ ಮಣ್ಣು ಮೆತ್ತಿ ಬೆಂಕಿಗೆ ಇಡ್ತೀವಿ. ಮೇಣವೆಲ್ಲ ಕರಗಿ ಹರಿದು ಹೋಗುತ್ತೆ. ಅದು ಹೋದ ಜಾಗಕ್ಕೆ ಲೋಹ ಹುಯ್ತೀವಿ.”

“ಹರಿದು ಎಲ್ಲಿಗೆ ಹೋಗುತ್ತೆ?”

“ನೆಲಕ್ಕೆ.”

ಆಮೇಲೆ ಆದ ಗಲಾಟೆ ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತಂತೆ. ಇಷ್ಟು ದಿನ ಕತ್ತಲಲ್ಲಿ ಕೂತು ಕೊಟ್ಟ ಬತ್ತಿ ನೆಲಕ್ಕಾ? ತಲೆಯಲ್ಲೂ ಇಲ್ಲ, ಪಾದದಲ್ಲೂ ಇಲ್ಲ, ತರೀಕೆರೆಯ ಮಣ್ಣಲ್ಲಾ? ದೊಡ್ಡಬೀರಪ್ಪ ಎರಡೂ ಕೈಯಿಂದ ಅರ್ಧ ಮೀಸೆಯನ್ನು ಮುಚ್ಚಿ ಹಿಡಿದು ನಿಂತ. “ಮೇಷ್ಟ್ರೇ, ನಿಮ್ಗೆ ಇದು ಮೊದ್ಲೇ ಗೊತ್ತಿತ್ತಾ?” ಎಂದು ಎಲ್ಲರೂ ಅವನ ಕಡೆ ತಿರುಗಿದರು. ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ.

ಆಗ ಅವನ ಪಾಲಿಗೆ ಎದ್ದು ನಿಂತವರು ಮಲ್ಲಿಕಾರ್ಜುನಪ್ಪನವರು. “ಎರಕದ ಜಗಳ ಆಮೇಲೆ ಆಡ್ಕೊಳ್ಳಿ. ಮೇಷ್ಟ್ರು ವಿಗ್ರಹ ಮಾಡಿದಾರೆ, ಆಚಾರ್ರು ಒಪ್ಪಿದಾರೆ. ಅಧ್ಯಕ್ಷ್ರು ಆಡಿದ್ ಮಾತಿನಂತೆ ಸಹಿ ಹಾಕ್ಬಿಡ್ಲಿ. ನಂಗೆ ರೈಲಿಗೆ ಹೊತ್ತಾಯ್ತು.”

ಮಾತು ಎಂದ ಮೇಲೆ ಬಸವರಾಜಪ್ಪನವರು ತಪ್ಪುವವರಲ್ಲ. ಕಾಗದ ತೆಗೆದು ಮೇಜಿನ ಮೇಲೆ, ಅಪ್ಪನ ಪಾದದ ಹತ್ತಿರ ಹರವಿದರು. ಪೆನ್ನಿನ ಮುಚ್ಚಳ ತೆಗೆದರು. ಪೆನ್ನು ಕಾಗದ ಮುಟ್ಟಬೇಕು, ಕರೆಂಟು ಹೋಯಿತು.

ಹಾಲಿನ ತುಂಬ ಕಾಡಿಗೆಯಂಥ ಕತ್ತಲು. “ದೀಪ ತನ್ರೋ” ಎಂದು ಬಸವರಾಜಪ್ಪನವರ ದನಿ. ಸೀಮೆಎಣ್ಣೆ ಯಾರ ಮನೆಯಲ್ಲೂ ಇಲ್ಲ. ಅವರದೇ ಟಾರ್ಚು ಒಂದು ಸಲ ಕೆಂಪಗೆ ಕಣ್ಣು ಬಿಟ್ಟು ಮುಚ್ಚಿತು. “ಒಂದು ಮೇಣದಬತ್ತಿನಾದ್ರೂ ತನ್ನಿ” ಎಂದರೆ, “ಇದ್ದಿದ್ದೆಲ್ಲ ನಿಮ್ಮಪ್ಪೋರ ಮೈಯಾಗೇ ಐತಲ್ಲ ಸ್ವಾಮಿ” ಎಂದಳು ಕಾಂತಮ್ಮ.

“ಹಂಗಾದ್ರೆ ಸಹಿ ನಾಳೆ ನೋಡಣ” ಎಂದು ಪೆನ್ನಿನ ಮುಚ್ಚಳ ಹಾಕುವ ಸದ್ದು ಕೇಳಿಸಿತು.

ನಾಳೆ! ನಾಳೆಯ ಮೇಲೆ ತೀರ್ಥಪ್ಪನಿಗೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು. ಅವನ ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು. ತೋರುಬೆರಳೊಳಗೆ ದಾರ ಇರುವುದು ಅವನೊಬ್ಬನಿಗೇ ಗೊತ್ತಿತ್ತು. ಒಂದು ಸಹಿಯ ಹೊತ್ತು ಉರಿದರೆ ಸಾಕು, ಆಮೇಲೆ ಉಗುರು ತಿದ್ದಿಬಿಡಬಹುದು. ಬದುಕಿನಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ. ಕಡ್ಡಿ ಗೀರಿ ಯಜಮಾನರ ಬೆರಳಿಗೆ ಹಿಡಿದ.

ದೀಪ ಹತ್ತಿಕೊಂಡಿತು.

ಆನೆಕಾಲುಗಳು ಕೆಳಗಿನ ಕತ್ತಲಲ್ಲೇ ಉಳಿದಿದ್ದವು. ಅರ್ಧ ಮೀಸೆ ಕಾಣುತ್ತಿರಲಿಲ್ಲ. ಬೆರಳಿನ ಬೆಳಕಿಗೆ ಹಿಂದಿನ ಗೋಡೆಯ ಮೇಲೆ ನೆರಳು ಬಿದ್ದಿತ್ತು. ಆ ಪೇಟ, ಆ ಗದ್ದ, ಆ ಬಾಗಿದ ಹೆಗಲು. ಬೆಳಗಿನಿಂದ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಪವಾಗಿದ್ದ ಯಜಮಾನರು ಗೋಡೆಯ ಮೇಲೆ ಇದ್ದ ಹಾಗೇ ಕೂತಿದ್ದರು.

“ಅಣ್ಣಾ...” ಎಂದರು ವಿಶಾಲಾಕ್ಷಮ್ಮ. ದೊಡ್ಡಬೀರಪ್ಪ ಕತ್ತಲಲ್ಲೇ ನೆಲಕ್ಕೆ ಹಣೆ ಹಚ್ಚಿದ. ಬಸವರಾಜಪ್ಪನವರು ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಚಿಕ್ಕ ಹುಡುಗನ ಹಾಗೆ ಬಿಕ್ಕಿದರು. ತಾನು ಇಷ್ಟು ಚೆನ್ನಾಗಿ ಮಾಡಿದ್ದೇನೆಂದು ತೀರ್ಥಪ್ಪನಿಗೇ ಗೊತ್ತಿರಲಿಲ್ಲ. ಆದರೂ ಒಂದು ಕಣ್ಣು ಪೆನ್ನಿನ ಮೇಲೇ ಇತ್ತು.

“ಆಚಾರ್ರಿಗೆ ಕೊಟ್ರೆ ನಮ್ ಮೇಣ ಮಣ್ಣಿಗೆ,” ಕಾಂತಮ್ಮ ಮೂಗೊರೆಸಿಕೊಂಡು ಹೇಳಿದಳು. “ಹಿಂಗೆ ಉರಿದ್ರೆ ಬೆಳಕಿಗೆ. ಕೊಡಬ್ಯಾಡಿ ಸ್ವಾಮಿ.”

“ಸರಿಯಾಗಂದೆ ಕಣವ್ವ.” ಬಸವರಾಜಪ್ಪನವರು ಕಣ್ಣೊರೆಸಿಕೊಂಡರು. ಲೋಹದ ಖರ್ಚು ತಪ್ಪಿದ್ದು ಅವರ ದನಿಗೆ ಇನ್ನಷ್ಟು ಭಕ್ತಿ ಕೊಟ್ಟಿತ್ತು. “ಎರಕ ಬೇಡ. ಪ್ರತಿ ವರ್ಷ ಅಪ್ಪಾಜಿಯವರ ಪುಣ್ಯಸ್ಮರಣೆಗೆ ಊರೆಲ್ಲ ಸೇರಿ ಹೊಸ ಮೇಣದ ವಿಗ್ರಹ ಮಾಡೋದು, ಹಿಂಗೇ ಬೆಳಗೋದು. ಏನಂತೀರಿ?”

ಊರು ಒಕ್ಕೊರಲಿಂದ ಹೂಂಗುಟ್ಟಿತು. ಅಧ್ಯಕ್ಷರು ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

“ಸ್ವಾಮಿ, ಆ ಆರ್ಡರು...” ತೀರ್ಥಪ್ಪ ಮೆಲ್ಲಗೆ ಕೇಳಿದ.

“ನಾನೇನಂದಿದ್ದೆ? ವಿಗ್ರಹ ಖಾಯಮ್ಮಾದ ದಿನ ನೀವೂ ಖಾಯಂ ಅಂದಿದ್ದೆ. ಈಗ ವಿಗ್ರಹವೇ ಹಂಗಾಮಿ ಆಯ್ತಲ್ಲ ಮೇಷ್ಟ್ರೇ! ವರ್ಷಾ ವರ್ಷಾ ಅದೂ ಹೊಸದು, ನಿಮ್ಮ ಆರ್ಡರೂ ಹೊಸದು.” ಅವರು ಪ್ರೀತಿಯಿಂದ ಬೆನ್ನು ತಟ್ಟಿದರು. “ನಿಮ್ಮಂಥೋರನ್ನ ನಾವು ಬಿಡ್ತೀವಾ?”

ತೀರ್ಥಪ್ಪ ಹೂಂ ಎಂದ.

ಸ್ಟೇಷನ್ನಿಗೆ ಅವನೇ ಮಲ್ಲಿಕಾರ್ಜುನಪ್ಪನವರನ್ನು ಕರೆದುಕೊಂಡು ಹೋದ. ಪ್ಲಾಟ್‌ಫಾರಮ್ಮಿನ ಮೇಲೆ ಅವರೇ, “ನೀವು ಒಳ್ಳೇ ಮನುಷ್ಯ್ರು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅಳಿಯನ್ನ ಹಂಗಾಮಿಯಾಗಿ ಇಟ್ಕೊಳ್ಳೋಕಾಗುತ್ತೇನಪ್ಪ? ಮುಂದಿನ ವರ್ಷ ನೋಡಣ” ಎಂದರು. ರೈಲು ಬಂತು. ಹತ್ತಿ ಕೂತ ಮೇಲೆ ಏನೋ ನೆನಪಾಗಿ ಚೀಲ ತಡಕಿದರು. ವ್ಯವಹಾರದ ಮನುಷ್ಯರಾದರೂ ಕರುಳಿತ್ತು. “ತಗೊಳ್ಳಿ, ಇದನ್ಯಾಕೆ ವಾಪಸ್ ಒಯ್ಯಲಿ. ನಿಮ್ಮ ವಿಗ್ರಹದ ಸುದ್ದಿ ಕಡೂರಿಗೂ ಬಂದಿತ್ತಲ್ಲ, ಅದಕ್ಕೇ ಏನೋ ಸೇರಿಸ್ಬೇಕು ಅಂತಿದ್ಲು. ಎದೆ ಜಾಗಕ್ಕೆ ಹಾಕ್ಬೇಕಂತೆ.”

ರೈಲಿನ ಗಾರ್ಡು ಸೀಟಿ ಊದಿದ. ತೀರ್ಥಪ್ಪ ಕಿಟಕಿಯ ಮಂಕು ಬೆಳಕಿನಲ್ಲಿ ಪೇಪರು ಬಿಚ್ಚಿದ.

ಹೊಸ ಮೇಣದಬತ್ತಿ. ಒಂದೇ ಒಂದು. ಗೇಣುದ್ದ, ಗಟ್ಟಿಮುಟ್ಟು. ಸಂಜೆಯೆಲ್ಲ ಅದು ಸ್ಕೂಲಿನ ಹಾಲಿನಲ್ಲೇ, ಸಹಿಯ ಕಾಗದದಿಂದ ಒಂದು ಮಾರು ದೂರದಲ್ಲಿ, ಮಾವನ ಮಡಿಲಲ್ಲಿ ಕೂತಿತ್ತು.

ಮಲ್ಲಿಕಾರ್ಜುನಪ್ಪನವರೂ ನೋಡಿದರು. ಬಾಯಿ ತೆರೆದರು. ರೈಲು ಹೊರಟಿತು. ಅವರು ಏನಂದರೋ ಗಾಲಿಗಳ ಸದ್ದಿನಲ್ಲಿ ಕೇಳಿಸಲಿಲ್ಲ.

ತೀರ್ಥಪ್ಪ ತಡಕಾಡಿಕೊಂಡು ತನ್ನ ಕೋಣೆಗೆ ಬಂದ. ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು, ಕೈಯಲ್ಲಿ ಬತ್ತಿಯಿತ್ತು. ಹಚ್ಚಲು ಮನಸ್ಸು ಬರಲಿಲ್ಲ. ಅದನ್ನು ಹಾಸಿಗೆಯ ದಿಂಬಿನ ಕೆಳಗಿಟ್ಟು ಕತ್ತಲಲ್ಲೇ ಕೂತ. ಎದೆ ಜಾಗಕ್ಕೆ ಎಂದಿದ್ದಾಳಲ್ಲ ಎಂದು ನೆನೆದು ಒಂದು ಸಲ ನಗು ಬಂತು, ಹಿಂದೆಯೇ ಅಳುವೂ ಬಂತು.

ಬಾಗಿಲು ತಟ್ಟಿದ ಸದ್ದು. ಕಾಂತಮ್ಮನ ದನಿ.

“ಮೇಷ್ಟ್ರೇ, ಹಿಟ್ಟು ರುಬ್ಬಬೇಕು, ಕಣ್ಣೇ ಕಾಣ್ತಿಲ್ಲ. ನಿಮ್ಮತ್ರ ಮೇಣದಬತ್ತಿ ಏನಾರ ಐತಾ?”

ತೀರ್ಥಪ್ಪ ದಿಂಬಿನ ಮೇಲೆ ಕೈಯಿಟ್ಟುಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ಗಟ್ಟಿಯಾಗಿ ಹೇಳಿದ:

“ಇಲ್ಲ.”